ಲೆಸ್ಲಿ ಸ್ಟೀಫನ್: ಎರಡನೆಯ ಸಾಲಿನವರ ಚರಿತ್ರಕಾರ

ಲೆಸ್ಲಿ ಸ್ಟೀಫನ್ ಎಂಬ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಅವರ ತಂದೆಯ ಹೆಸರೆಂದೇ ಕೇಳಿರುತ್ತೀರಿ. 1927ರಲ್ಲಿ ಪ್ರಕಟವಾದ ವುಲ್ಫ್ ಅವರ ‘ಟು ದಿ ಲೈಟ್‌ಹೌಸ್’ ಕಾದಂಬರಿಯನ್ನು ಓದಿದವರಿಗೆ ಮಿಸ್ಟರ್ ರ್‍ಯಾಮ್ಸೆ ಗೊತ್ತು. ಮಕ್ಕಳಿಗೆ ಅವರೆಂದರೆ ಭಯ. ಹೆಂಡತಿಯ ಸಾಂತ್ವನ ಅವರಿಗೆ ಎಷ್ಟು ಸಿಕ್ಕರೂ ಸಾಲದು. ಚಿಂತನೆಯನ್ನು ಇಂಗ್ಲಿಷ್ ಅಕ್ಷರಮಾಲೆಯೆಂದು ಕಲ್ಪಿಸಿಕೊಂಡು, ‘ಕ್ಯೂ’ವರೆಗೆ ಬಂದೆ, ‘ಆರ್’ ಕೈಗೆ ಸಿಗುತ್ತಿಲ್ಲವಲ್ಲ ಎಂದು ಕೊರಗುವ ವಿದ್ವಾಂಸ ಅವರು. ಆ ಪಾತ್ರ ಎಷ್ಟು ಸಜೀವವಾಗಿದೆಯೆಂದರೆ, ಅದಕ್ಕೆ ಮೂಲವಾದ ಮನುಷ್ಯ ಏನು ಕೆಲಸ ಮಾಡಿದರು ಎಂದು ಕೇಳುವುದನ್ನೇ ನಾವು ಮರೆತಿದ್ದೇವೆ. ಇವತ್ತು ನಾನು ಆ ಕೆಲಸದ ಬಗ್ಗೆ, ಅದರಲ್ಲೂ ಅವರು ಸಂಪಾದಿಸಿದ ಬ್ರಿಟನ್ನಿನ ಜೀವನಚರಿತ್ರೆಗಳ ದೊಡ್ಡ ಕೋಶದ ಬಗ್ಗೆ ಹೆಚ್ಚು ಮಾತನಾಡುತ್ತೇನೆ. ಮನೆಯ ವಿಷಯವೂ ಬರುತ್ತದೆ, ಆದರೆ ಅದು ಬರಬೇಕಾದ ಸ್ಥಳದಲ್ಲಿ ಬರುತ್ತದೆ.

ಸ್ಟೀಫನ್ ಹುಟ್ಟಿದ್ದು 1832ರ ನವೆಂಬರ್ 28ರಂದು, ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ. ಕುಟುಂಬ ಗಂಭೀರ ಧಾರ್ಮಿಕ ಶ್ರದ್ಧೆಯದು. ಅಜ್ಜ ಜೇಮ್ಸ್ ಸ್ಟೀಫನ್ ಗುಲಾಮರ ವ್ಯಾಪಾರದ ವಿರುದ್ಧ ವಿಲ್ಬರ್‌ಫೋರ್ಸ್ ಅವರ ಜೊತೆಗೆ ಹೋರಾಡಿದವರು. ಅದೇ ಹೆಸರಿನ ತಂದೆ ವಸಾಹತು ಇಲಾಖೆಯ ಹಿರಿಯ ಅಧಿಕಾರಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ 1833ರ ಕಾಯಿದೆಯ ಕರಡನ್ನು ಬರೆದವರು ಅವರೇ. ಅಣ್ಣ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಅವರ ವಿಷಯ ನಮಗೆ ಹತ್ತಿರದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಬಾಲ್ಯದಲ್ಲಿ ಲೆಸ್ಲಿ ದುರ್ಬಲ ಶರೀರದವರು, ಬಹಳ ಸೂಕ್ಷ್ಮ ಸ್ವಭಾವದವರು. ಕೇಂಬ್ರಿಜ್‌ನ ಟ್ರಿನಿಟಿ ಹಾಲ್‌ಗೆ ಸೇರಿದ ಮೇಲೆ ಅವರು ಹಟ ಹಿಡಿದು ಆ ಶರೀರವನ್ನು ಗಟ್ಟಿ ಮಾಡಿಕೊಂಡರು. ದೋಣಿ ಸ್ಪರ್ಧೆಯ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತ ನದಿಯ ದಂಡೆಯ ಮೇಲೆ ಓಡುತ್ತಿದ್ದರು; ಒಮ್ಮೆ ಆಲ್ಪೈನ್ ಕ್ಲಬ್ಬಿನ ಔತಣಕ್ಕೆಂದು ಕೇಂಬ್ರಿಜ್‌ನಿಂದ ಲಂಡನ್ನಿಗೆ ಸುಮಾರು 50 ಮೈಲಿಗಳನ್ನು 12 ಗಂಟೆಗಳಲ್ಲಿ ನಡೆದೇ ಹೋದರು. ಆಲ್ಪ್ಸ್ ಪರ್ವತಗಳಲ್ಲಿ ಹಲವು ಶಿಖರಗಳನ್ನು ಮೊದಲ ಬಾರಿಗೆ ಹತ್ತಿದವರಲ್ಲಿ ಅವರೂ ಒಬ್ಬರು. 4,000 ಮೀಟರಿಗಿಂತ ಎತ್ತರದ ಶ್ರೆಕ್‌ಹಾರ್ನ್ ಶಿಖರವನ್ನು ಅವರು ಸ್ವಿಸ್ ಮಾರ್ಗದರ್ಶಿಗಳ ಜೊತೆ 1861ರಲ್ಲಿ ಏರಿದರು. ಆ ಅನುಭವಗಳ ಪುಸ್ತಕ 1871ರಲ್ಲಿ ಬಂತು. ಪರ್ವತಾರೋಹಣದ ಕಥೆಯನ್ನು ಇಷ್ಟಕ್ಕೇ ಬಿಡುತ್ತೇನೆ.

ಅವರ ಬದುಕಿನ ಮೊದಲ ದೊಡ್ಡ ತಿರುವು ಧರ್ಮದ್ದು. ಆ ಕಾಲದಲ್ಲಿ ಕಾಲೇಜಿನ ಬೋಧಕ ಹುದ್ದೆಗೆ ಚರ್ಚಿನ ದೀಕ್ಷೆ ಪಡೆಯಬೇಕಾಗಿತ್ತು. ಸ್ಟೀಫನ್ 1855ರಲ್ಲಿ ಮೊದಲ ಹಂತದ ದೀಕ್ಷೆಯನ್ನೂ 1859ರಲ್ಲಿ ಪೂರ್ಣ ದೀಕ್ಷೆಯನ್ನೂ ಪಡೆದರು. ತತ್ತ್ವಜ್ಞಾನಿಗಳಾದ ಮಿಲ್, ಕಾಂಟ್, ಕಾಮ್ಟೆ ಇವರನ್ನೆಲ್ಲ ಓದುತ್ತ ಹೋದ ಹಾಗೆ, ತಾನು ಪ್ರಾರ್ಥನಾ ಮಂದಿರದಲ್ಲಿ ನಿಂತು ಓದುತ್ತಿರುವ ಪುರಾಣವನ್ನು ಚರಿತ್ರೆಯೆಂದು ನಂಬಲು ಸಾಧ್ಯವಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. 1862ರಲ್ಲಿ ಅವರು ಪೂಜಾ ವಿಧಿಗಳನ್ನು ನಡೆಸಲು ನಿರಾಕರಿಸಿ ಬೋಧಕ ಹುದ್ದೆಯನ್ನು ಬಿಟ್ಟರು. ಸುಮ್ಮನೆ ತುಟಿಯಾಡಿಸಿಕೊಂಡು ಜೀವನಪೂರ್ತಿ ನೆಮ್ಮದಿಯಾಗಿ ಇರಬಹುದಾಗಿದ್ದ ಸ್ಥಾನ ಅದು. ನಂಬದ ಮಾತನ್ನು ಆಡಲಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಕಳೆದುಕೊಂಡರು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಅವರು ಜೀವನಚರಿತ್ರೆಗೆ ತಂದ ಶಿಸ್ತು ಪುಸ್ತಕಗಳಿಂದ ಮಾತ್ರ ಕಲಿತದ್ದಲ್ಲ. ಪುರಾವೆಯಿಲ್ಲದ್ದನ್ನು ನಿಜವೆಂದು ಹೇಳಲಾಗದ ಅವರ ಮನಸ್ಸು, ಅದಕ್ಕಾಗಿ ಜೀವನೋಪಾಯವನ್ನೇ ತೆತ್ತ ದಿನಗಳಲ್ಲಿ ಹದಗೊಂಡಿತ್ತು.

1864ರ ಕೊನೆಗೆ ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆಯತೊಡಗಿದರು. 1867ರಲ್ಲಿ ಕಾದಂಬರಿಕಾರ ಥ್ಯಾಕರೆ ಅವರ ಕಿರಿಯ ಮಗಳು ಮಿನ್ನಿಯನ್ನು ಮದುವೆಯಾದರು. 1871ರಲ್ಲಿ ಪ್ರಕಾಶಕ ಜಾರ್ಜ್ ಸ್ಮಿತ್ ತಮ್ಮ ‘ಕಾರ್ನ್‌ಹಿಲ್’ ಮಾಸಪತ್ರಿಕೆಯ ಸಂಪಾದಕತ್ವವನ್ನು ಅವರಿಗೆ ವಹಿಸಿದರು. ಥಾಮಸ್ ಹಾರ್ಡಿ ಆಗಿನ್ನೂ ಹೊಸ ಲೇಖಕ. ಅವರಿಂದ ಕೇಳಿ ಬರೆಸಿದ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ 1874ರಲ್ಲಿ ಈ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂತು. ಸಂಸಾರಸ್ಥರ ಮನೆಗಳಿಗೆ ಹೋಗುವ ಪತ್ರಿಕೆಯಾದ್ದರಿಂದ, ಮೋಸಹೋದ ಹುಡುಗಿಯ ಪ್ರಸಂಗವನ್ನು ನಾಜೂಕಾಗಿ ನಿಭಾಯಿಸಿ ಎಂದು ಸ್ಟೀಫನ್ ಹಾರ್ಡಿಗೆ ಬರೆಯಬೇಕಾಯಿತು. ದೇವರ ವಿಷಯದಲ್ಲಿ ಯಾರಿಗೂ ಜಗ್ಗದವರು ಚಂದಾದಾರರ ಮಡಿವಂತಿಕೆಗೆ ತಲೆಬಾಗಿದರು. ಅವರಿಗೆ ಅದು ಹಿತವಾಗಿರಲಿಲ್ಲ, ಆದರೂ ತಲೆಬಾಗಿದರು.

ಹಾರ್ಡಿಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವಿದೆ. 1875ರ ಮಾರ್ಚ್‌ನಲ್ಲಿ ಒಂದು ಸಂಜೆ, ಎಷ್ಟು ಹೊತ್ತಾದರೂ ಸರಿ ಮನೆಗೆ ಬನ್ನಿ ಎಂದು ಸ್ಟೀಫನ್ ಅವರಿಂದ ಚೀಟಿ ಬಂತು. ಒಂದು ದಸ್ತಾವೇಜಿಗೆ ಸಾಕ್ಷಿಯಾಗಿ ಸಹಿ ಹಾಕಬೇಕಾಗಿತ್ತು. ಬಹುಶಃ ಉಯಿಲು ಇರಬೇಕೆಂದು ಹಾರ್ಡಿ ಭಾವಿಸಿದರು. ನೋಡಿದರೆ ಅದು ಚರ್ಚಿನ ದೀಕ್ಷೆಯನ್ನು ವಿಧಿವತ್ತಾಗಿ ತ್ಯಜಿಸುವ ಪತ್ರ. ಹೀಗೆ ತ್ಯಜಿಸುವುದಕ್ಕೆ 1870ರ ಒಂದು ಕಾಯಿದೆ ಅವಕಾಶ ಮಾಡಿಕೊಟ್ಟಿತ್ತು. ಸಹಿಯಾದ ಮೇಲೆ ಇಬ್ಬರೂ ಧರ್ಮ, ಕಾಲ, ವಸ್ತುವಿನ ಮೂಲ ಇವುಗಳ ಬಗ್ಗೆ ಮಾತನಾಡುತ್ತ ಕುಳಿತರು.

ಸಂಪಾದಕರಾಗಿ ಅವರು ಮಾಡಿಸಿದ ಒಂದು ಪರಿಚಯದ ಫಲ ಸಾಹಿತ್ಯ ಓದದವರಿಗೂ ತಿಳಿದಿದೆ. ಅದೇ 1875ರಲ್ಲಿ ಆಲ್ಪ್ಸ್ ಬಗ್ಗೆ ಉಪನ್ಯಾಸ ಕೊಡಲು ಎಡಿನ್‌ಬರೋಗೆ ಹೋದಾಗ, ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದ ತಮ್ಮ ಪತ್ರಿಕೆಯ ಬಡ ಕವಿಯೊಬ್ಬರನ್ನು ನೋಡಲು ಹೋದರು. ಜೊತೆಗೆ ರಾಬರ್ಟ್ ಲೂಯಿ ಸ್ಟೀವನ್ಸನ್ ಎಂಬ ತರುಣ ಲೇಖಕನನ್ನು ಕರೆದುಕೊಂಡು ಹೋದರು. ಹಾಸಿಗೆಯಲ್ಲಿದ್ದವರು ಡಬ್ಲ್ಯು. ಇ. ಹೆನ್ಲಿ. ಮೂಳೆಯ ಕ್ಷಯದಿಂದ ಒಂದು ಕಾಲು ಕತ್ತರಿಸಿಹೋಗಿತ್ತು, ಇನ್ನೊಂದನ್ನು ಉಳಿಸುವ ಚಿಕಿತ್ಸೆ ನಡೆದಿತ್ತು. ಆ ಊನಗೊಂಡ ಶರೀರದ ಬಲವನ್ನು ಕಂಡೇ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯ ಒಂಟಿಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಹುಟ್ಟಿದನೆಂದು ಸ್ಟೀವನ್ಸನ್ ಮುಂದೆ ಹೆನ್ಲಿಗೆ ತಾವೇ ತಿಳಿಸಿದರು.

ಈ ವರ್ಷಗಳಲ್ಲೇ ಸ್ಟೀಫನ್ ವಿಮರ್ಶಕರಾಗಿಯೂ ಬೆಳೆದರು. ‘ಅವರ್ಸ್ ಇನ್ ಎ ಲೈಬ್ರರಿ’ ಎಂಬ ಪ್ರಬಂಧಗಳ ಮೊದಲ ಸಂಪುಟ 1874ರಲ್ಲಿ ಬಂತು. 1876ರಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿಂತನೆಯ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಆ ಶತಮಾನ ಶುಷ್ಕವಾದದ್ದು, ಕಾವ್ಯವಿಲ್ಲದ್ದು ಎಂಬ ಭಾವನೆ ಅವರ ಸಮಕಾಲೀನರಲ್ಲಿ ಬೇರೂರಿತ್ತು. ಸ್ಟೀಫನ್ ಅದರೊಳಗೆ ಹೋಗಿ ಲಾಕ್, ಹ್ಯೂಮ್, ಬಟ್ಲರ್ ಎಂಬ ಚಿಂತಕರ ವಾದಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದು ಕಾಲದ ಆಲೋಚನೆಗೂ ಆ ಕಾಲದ ಸಮಾಜಕ್ಕೂ ಇರುವ ಸಂಬಂಧವನ್ನು ಹುಡುಕಿದರು. ಅಡಿಸನ್ ಅವರ ಪ್ರಬಂಧಗಳ ಹಿಂದೆ ಲಂಡನ್ನಿನ ಕಾಫಿಮನೆಗಳಿವೆ, ಪೋಪ್ ಅವರ ಪದ್ಯದ ಹಿಂದೆ ಆಶ್ರಯದಾತರ ಕೃಪೆಯಿಂದ ಬಿಡಿಸಿಕೊಂಡು ಓದುಗರ ಹಣದಿಂದ ಬದುಕತೊಡಗಿದ ಲೇಖಕನ ಹೊಸ ಸ್ಥಿತಿಯಿದೆ ಎಂಬಂಥ ವಿವರಣೆ ಇವತ್ತು ನಮಗೆ ಸಹಜವೆನಿಸುತ್ತದೆ. ಅವರ ಕೊನೆಯ ಪುಸ್ತಕಗಳಲ್ಲಿ ಒಂದಾದ ಆಕ್ಸ್‌ಫರ್ಡ್‌ನ ಫೋರ್ಡ್ ಉಪನ್ಯಾಸಗಳೂ ಇದೇ ವಿಷಯದ ಮೇಲಿವೆ. ಉಪನ್ಯಾಸದ ಹೊತ್ತಿಗೆ ಕ್ಯಾನ್ಸರ್‌ನಿಂದ ಅವರಿಗೆ ಎದ್ದು ಹೋಗಲಾಗದೆ, ಹೆಂಡತಿಯ ಅಕ್ಕನ ಮಗ ಹರ್ಬರ್ಟ್ ಫಿಷರ್ ಅವರ ಪರವಾಗಿ ಓದಿದರು.

ಇನ್ನು ಅವರ ಮುಖ್ಯ ಕೆಲಸಕ್ಕೆ ಬರುತ್ತೇನೆ. 1882ರಲ್ಲಿ ಜಾರ್ಜ್ ಸ್ಮಿತ್ ಅವರ ಮನಸ್ಸಿನಲ್ಲಿ ಒಂದು ವಿಶ್ವ ಚರಿತ್ರಕೋಶದ ಯೋಜನೆಯಿತ್ತು, ಅಂದರೆ ಎಲ್ಲ ದೇಶಗಳ, ಎಲ್ಲ ಕಾಲಗಳ ಹೆಸರಾಂತರ ಕೋಶ. ಅದು ಎಂದಿಗೂ ಮುಗಿಯದ ಕೆಲಸವೆಂದು ಕಂಡ ಸ್ಟೀಫನ್, ಬ್ರಿಟನ್ ಮತ್ತು ಐರ್ಲೆಂಡ್‌ಗೆ, ಹಾಗೆಯೇ ಅಲ್ಲಿಂದ ವಸಾಹತುಗಳಿಗೆ ಹೋದವರಿಗೆ ಅದನ್ನು ಸೀಮಿತಗೊಳಿಸುವಂತೆ ಸಲಹೆ ಕೊಟ್ಟರು. ಬದುಕಿರುವವರಿಗೆ ಅದರಲ್ಲಿ ಸ್ಥಳವಿಲ್ಲ ಎಂಬುದು ನಿಯಮ. ‘ಡಿಕ್ಷನರಿ ಆಫ್ ನ್ಯಾಷನಲ್ ಬಯಾಗ್ರಫಿ’ ಹೀಗೆ ಪ್ರಾರಂಭವಾಯಿತು. ಮೊದಲ ಸಂಪುಟ 1885ರ ಜನವರಿಯಲ್ಲಿ ಬಂತು. ಅಲ್ಲಿಂದ ಮೂರು ತಿಂಗಳಿಗೊಂದು ಸಂಪುಟದಂತೆ, ಒಂದೂ ತಪ್ಪದೆ, 1900ರಲ್ಲಿ 63ನೆಯ ಸಂಪುಟದೊಂದಿಗೆ ಕೋಶ ಪೂರ್ಣವಾಯಿತು. ಒಟ್ಟು 29,120 ಜೀವನಗಳು, ಆರುನೂರಕ್ಕೂ ಮೀರಿದ ಲೇಖಕರು. ಸರ್ಕಾರವಾಗಲಿ ವಿಶ್ವವಿದ್ಯಾಲಯವಾಗಲಿ ಇದಕ್ಕೆ ಹಣ ಕೊಡಲಿಲ್ಲ. ಲಾಭ ಬಾರದೆಂದು ತಿಳಿದೇ ಒಬ್ಬ ಪ್ರಕಾಶಕ ತನ್ನ ಸಂಪತ್ತನ್ನು ಸುರಿದು ಇದನ್ನು ನಡೆಸಿದರು. ಇಂಥ ಪ್ರಕಾಶಕರನ್ನು ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಅನ್ಯಾಯವೆಂದು ನನ್ನ ಭಾವನೆ.

ಕೆಲಸ ನಡೆದ ರೀತಿಯನ್ನು ನೀವು ಕಲ್ಪಿಸಿಕೊಳ್ಳಬೇಕು. ಸೇರಿಸಬೇಕೆಂದಿರುವ ಹೆಸರುಗಳ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ‘ಅಥೀನಿಯಂ’ ವಾರಪತ್ರಿಕೆಯಲ್ಲಿ ಮುಂಚಿತವಾಗಿ ಪ್ರಕಟಿಸುತ್ತಿದ್ದರು. ಬಿಟ್ಟುಹೋದವರನ್ನು ಸೂಚಿಸಿ ಎಂದು ಓದುಗರನ್ನು ಕೇಳುತ್ತಿದ್ದರು. ಪಾದ್ರಿಗಳು, ಗ್ರಂಥಪಾಲಕರು, ಊರಿನ ಚರಿತ್ರೆ ಕೆದಕುವ ಹವ್ಯಾಸಿಗಳು ಹೆಸರುಗಳನ್ನು ಕಳಿಸುತ್ತಿದ್ದರು, ಲೇಖನಗಳನ್ನೂ ಬರೆಯುತ್ತಿದ್ದರು. ಅವರ ಉತ್ಸಾಹವೇ ಸಂಪಾದಕರಿಗೆ ಕಷ್ಟವಾಗುತ್ತಿತ್ತು. ಯಾವುದೋ ಹಳೆಯ ಪಾದ್ರಿಯ ಮೊಮ್ಮಕ್ಕಳ ವಂಶಾವಳಿ, ಅವನ ಎಲ್ಲ ಉಪದೇಶಗಳ ಪಟ್ಟಿ, ಕೊನೆಗೆ ಅವನ ಸದ್ಗುಣಗಳ ಮೇಲೊಂದು ಭಾಷಣ, ಎಲ್ಲವೂ ಬರುತ್ತಿದ್ದವು. ಸ್ಟೀಫನ್ ಕುಳಿತು ಅವನ್ನು ಕತ್ತರಿಸುತ್ತಿದ್ದರು. ಹುಟ್ಟಿದ್ದು, ಓದಿದ್ದು, ಮಾಡಿದ್ದು, ಬರೆದದ್ದು, ಸತ್ತದ್ದು, ಮತ್ತು ಇವೆಲ್ಲ ಎಲ್ಲಿಂದ ತಿಳಿಯಿತು ಎಂಬ ಆಧಾರ, ಇಷ್ಟು ಇರಬೇಕು. ಕೋಶದ ಲೇಖಕರ ಒಂದು ಔತಣದಲ್ಲಿ ಆಲ್‌ಫ್ರೆಡ್ ಏಂಜರ್ ಎಂಬ ಪಾದ್ರಿ ಈ ನೀತಿಗೆ ಒಂದು ಸೂತ್ರ ಕೊಟ್ಟರು: ‘ದಯವಿಟ್ಟು ಹೂವುಗಳು ಬೇಡ.’ ಅಲ್ಲಿ ಮರಣದ ಪ್ರಕಟಣೆಗಳಲ್ಲಿ ಹಾಕುವ ಸಾಲು ಅದು. ವಿಕ್ಟೋರಿಯಾ ಯುಗದಲ್ಲಿ ದೊಡ್ಡವರು ಸತ್ತರೆ, ವಿಧವೆಯೋ ಮಗನೋ ಎರಡು ದಪ್ಪ ಸಂಪುಟಗಳ ಸ್ತುತಿಪರ ಚರಿತ್ರೆಯನ್ನು ತರುವುದು ರೂಢಿಯಾಗಿತ್ತು ಎಂಬುದನ್ನು ನೆನೆದರೆ, ಆ ಸೂತ್ರದಲ್ಲಿ ಎಷ್ಟು ಧೈರ್ಯವಿದೆಯೆಂದು ನಿಮಗೆ ತಿಳಿಯುತ್ತದೆ.

ಸ್ಟೀಫನ್ ತಾವೇ 378 ಲೇಖನಗಳನ್ನು ಬರೆದರು. ಅಡಿಸನ್, ಸ್ವಿಫ್ಟ್, ಪೋಪ್, ಜಾನ್ಸನ್, ವರ್ಡ್ಸ್‌ವರ್ತ್, ಬೈರನ್, ಸ್ಕಾಟ್, ಡಿಕನ್ಸ್, ಥ್ಯಾಕರೆ ಹೀಗೆ ದೊಡ್ಡ ಸಾಹಿತಿಗಳಲ್ಲಿ ಬಹಳಷ್ಟು ಮಂದಿಯನ್ನು ಅವರೇ ಇಟ್ಟುಕೊಂಡರು. ಆದರೂ ಕೋಶದ ಸಾರ್ಥಕತೆ ದೊಡ್ಡವರಲ್ಲಿಲ್ಲ ಎಂಬುದು ಅವರದೇ ಅಭಿಪ್ರಾಯ. 1896ರ ಒಂದು ಪ್ರಬಂಧದಲ್ಲಿ ಅವರು ಇದನ್ನು ವಿವರವಾಗಿ ಹೇಳಿದ್ದಾರೆ. ಶೇಕ್ಸ್‌ಪಿಯರ್ ಬಗ್ಗೆ ತಿಳಿಯಬೇಕಾದವನಿಗೆ ಪುಸ್ತಕಗಳು ಬೇಕಾದಷ್ಟಿವೆ. ಹಳೆಯ ಮರಣವಾರ್ತೆಗಳಲ್ಲಿ, ಬೇರೆ ಯಾರದೋ ಪತ್ರಸಂಗ್ರಹದ ಅಡಿಟಿಪ್ಪಣಿಗಳಲ್ಲಿ ಚೂರುಚೂರಾಗಿ ಬಿದ್ದಿರುವ ಎರಡನೆಯ ಸಾಲಿನವರ ಬದುಕು ಈ ಕೋಶವಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಈ ಮಾತು ನನಗೆ ಅವರ ಇಡೀ ಬರವಣಿಗೆಯಲ್ಲೇ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಂದು ಕಾಲದ ಚಿಂತನೆ ಹ್ಯೂಮ್ ಒಬ್ಬರಿಂದ ಆಗುವುದಿಲ್ಲ. ಹ್ಯೂಮ್ ಅವರಿಗೆ ಉತ್ತರ ಬರೆದವರು, ಅವರನ್ನು ತಪ್ಪಾಗಿ ಓದಿದವರು, ಅವರ ಪುಸ್ತಕ ಮಾರಿದವರು, ಶಾಲೆಯಲ್ಲಿ ಪಾಠ ಹೇಳಿದವರು ಎಲ್ಲ ಸೇರಿ ಅದು ಆಗುತ್ತದೆ. 1876ರ ಚಿಂತನಾ ಚರಿತ್ರೆಗಾಗಿ ಮರೆತುಹೋದ ನೂರಾರು ಕರಪತ್ರಗಳನ್ನು ಓದಿದ್ದ ಮನುಷ್ಯನಿಗೆ ಈ ಅರಿವು ಮೂಡಿದ್ದು ಸಹಜವೇ.

ಈಗ ಅಣ್ಣನ ವಿಷಯ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1869ರಿಂದ 1872ರವರೆಗೆ ಕಲ್ಕತ್ತೆಯಲ್ಲಿ ವೈಸ್‌ರಾಯ್ ಸಭೆಯ ಕಾನೂನು ಸದಸ್ಯರಾಗಿದ್ದರು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಅವರು ಬರೆದದ್ದು. 2024ರ ಜುಲೈ 1ರಂದು ಹೊಸ ಕಾನೂನು ಜಾರಿಗೆ ಬರುವವರೆಗೆ, ನಮ್ಮ ತಾಲ್ಲೂಕು ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಎಲ್ಲ ವಕೀಲರೂ ಅದನ್ನೇ ಉದ್ಧರಿಸುತ್ತಿದ್ದರು. ಪ್ರಕರಣಕ್ಕೆ ಸಂಬಂಧಿಸಿದ ಸಂಗತಿಗಳಿಗೆ ಮಾತ್ರ ಸಾಕ್ಷ್ಯ ಕೊಡಬಹುದು. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಹೇಳಬೇಕು. ಇವು ಆ ಕಾನೂನಿನ ಬುಡದಲ್ಲಿರುವ ತತ್ತ್ವಗಳು. ಅಣ್ಣನಿಂದ ತಮ್ಮ ಇದನ್ನು ಎರವಲು ಪಡೆದರೆಂದು ನಾನು ಹೇಳುತ್ತಿಲ್ಲ. ಒಂದೇ ಮನೆಯ ಇಬ್ಬರು, ಒಬ್ಬರು ನ್ಯಾಯಾಲಯದಲ್ಲಿ ಇನ್ನೊಬ್ಬರು ಗ್ರಂಥಾಲಯದಲ್ಲಿ, ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: ಇದು ನಿಮಗೆ ಹೇಗೆ ಗೊತ್ತು? ಅಣ್ಣ 1894ರಲ್ಲಿ ತೀರಿಕೊಂಡ ಮೇಲೆ ಲೆಸ್ಲಿ ಅವರ ಜೀವನಚರಿತ್ರೆಯನ್ನು ಬರೆದರು. ಭಾರತದ ಕೆಲಸಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಅದಕ್ಕೂ ಮೊದಲು, 1885ರಲ್ಲಿ, ಕೇಂಬ್ರಿಜ್‌ನ ಗೆಳೆಯ ಹೆನ್ರಿ ಫಾಸೆಟ್ ಅವರ ಚರಿತ್ರೆಯನ್ನು ಬರೆದಿದ್ದರು. ತಂದೆಯ ಬಂದೂಕಿನಿಂದ ಆಕಸ್ಮಿಕವಾಗಿ ಹಾರಿದ ಗುಂಡಿನ ಚೂರುಗಳಿಂದ ಕುರುಡಾಗಿಯೂ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಮಂತ್ರಿಯಾಗಿ ದುಡಿದ ಫಾಸೆಟ್, ಭಾರತದ ಹಣಕಾಸಿನ ಬಗ್ಗೆ ಪಾರ್ಲಿಮೆಂಟಿನಲ್ಲಿ ಬಿಡದೆ ಪ್ರಶ್ನೆ ಕೇಳುತ್ತಿದ್ದುದರಿಂದ ಅವರನ್ನು ಭಾರತದ ಸದಸ್ಯ ಎಂದೇ ಜನ ಕರೆಯುತ್ತಿದ್ದರು. ಎರಡೂ ಪುಸ್ತಕಗಳು ಪ್ರೀತಿಪಾತ್ರರ ಬಗ್ಗೆ ಬರೆದವು. ಎರಡರಲ್ಲೂ ಹೊಗಳಿಕೆ ಹಿಡಿತದಲ್ಲಿದೆ.

ಕೋಶದ ಕೆಲಸ ಅವರ ಆರೋಗ್ಯವನ್ನು ತಿಂದುಹಾಕಿತು. ನಿದ್ರೆಯಿಲ್ಲದ ರಾತ್ರಿಗಳು, ನರಗಳ ಕುಸಿತ, ಮತ್ತೆ ಮೇಜಿನ ಮುಂದೆ. 21 ಸಂಪುಟಗಳನ್ನು ಒಬ್ಬರೇ ಸಂಪಾದಿಸಿ, ಮುಂದಿನ ಐದನ್ನು ಸಹಾಯಕ ಸಿಡ್ನಿ ಲೀ ಅವರ ಜೊತೆಗೆ ಮುಗಿಸಿ, 1891ರಲ್ಲಿ ಬಿಟ್ಟರು. ಅಕ್ಷರಮಾಲೆಯಲ್ಲಿ ಆಗ ‘ಎಚ್’ ಇನ್ನೂ ಮುಗಿದಿರಲಿಲ್ಲ. ಈ ಶ್ರಮದ ಬೆಲೆಯನ್ನು ಮನೆಯವರೂ ತೆತ್ತರು. ಕೋಶ ಆರಂಭವಾದ ವರ್ಷವೇ ವರ್ಜೀನಿಯಾ ಹುಟ್ಟಿದ್ದು. ಆ ಸಂಪುಟಗಳು ತಮ್ಮ ಏಡ್ರಿಯನ್‌ನ ಬದುಕನ್ನು ಅವನು ಹುಟ್ಟುವ ಮೊದಲೇ ಅದುಮಿದವು, ತನ್ನ ತಲೆಯನ್ನೂ ತಿರುಚಿದವು ಎಂದು ಅವರು ಮುಂದೆ ದಿನಚರಿಯಲ್ಲಿ ಬರೆದುಕೊಂಡರು.

ಮನೆಯ ವಿಷಯವನ್ನು ಈಗ ಹೇಳಬೇಕು. ಮಿನ್ನಿ 1875ರಲ್ಲಿ ತೀರಿಕೊಂಡರು. ಅವರ ಮಗಳು ಲಾರಾ ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಗು. ದೊಡ್ಡವಳಾದ ಮೇಲೆ ಆಕೆಯ ಬದುಕು ಅಂಥವರ ಆರೈಕೆಯ ಸಂಸ್ಥೆಗಳಲ್ಲೇ ಕಳೆಯಿತು. 1878ರಲ್ಲಿ ಸ್ಟೀಫನ್ ವಿಧವೆ ಜೂಲಿಯಾ ಡಕ್‌ವರ್ತ್ ಅವರನ್ನು ಮದುವೆಯಾದರು. ಜೂಲಿಯಾ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಇಬ್ಬರ ಹಿಂದಿನ ಮಕ್ಕಳು, ಹೊಸದಾಗಿ ಹುಟ್ಟಿದ ನಾಲ್ವರು, ರೋಗಿಗಳ ಶುಶ್ರೂಷೆ, ಗಂಡನ ಖಿನ್ನತೆ ಇವೆಲ್ಲವನ್ನೂ ಹೊತ್ತ ಆ ಹೆಂಗಸು 1895ರ ಮೇ ತಿಂಗಳಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಸ್ಟೀಫನ್ ಮಕ್ಕಳಿಗಾಗಿ ಒಂದು ದೀರ್ಘ ಪತ್ರವನ್ನು ಬರೆಯಲು ಕುಳಿತರು. ಮಕ್ಕಳು ಅದನ್ನು ‘ಮಾಸೋಲಿಯಂ ಬುಕ್’, ಅಂದರೆ ಸಮಾಧಿ ಪುಸ್ತಕ, ಎಂದು ಕರೆದರು; 1977ರವರೆಗೆ ಅದು ಅಚ್ಚಾಗಲಿಲ್ಲ. 29,000 ಬದುಕುಗಳಿಗೆ ಹೂವು ಬೇಡವೆಂದ ಸಂಪಾದಕರು ಇಲ್ಲಿ ಹೆಂಡತಿಗೆ ಹೂವನ್ನೇ ಸುರಿದಿದ್ದಾರೆ. ತಮ್ಮ ತಪ್ಪುಗಳನ್ನು ಲೆಕ್ಕ ಹಾಕಿ, ಆ ತಪ್ಪುಗಳಿಗೆ ಸಮಾಧಾನವನ್ನೂ ಹುಡುಕಿದ್ದಾರೆ. ಓದಲು ಕಷ್ಟವಾಗುವ, ಆದರೆ ಓದಲೇಬೇಕಾದ ಬರಹ ಅದು.

ಆಮೇಲಿನ ವರ್ಷಗಳಲ್ಲಿ ಮನೆಯ ಭಾರ ಮಲಮಗಳು ಸ್ಟೆಲ್ಲಾಳ ಮೇಲೆ, 1897ರಲ್ಲಿ ಆಕೆಯೂ ತೀರಿಕೊಂಡಾಗ ಹದಿಹರೆಯದ ವನೆಸ್ಸಾಳ ಮೇಲೆ ಬಿತ್ತು. ವಾರಕ್ಕೊಮ್ಮೆ ಮನೆಖರ್ಚಿನ ಪುಸ್ತಕವನ್ನು ತಂದೆಯ ಮುಂದಿಡಬೇಕು. ಮೊತ್ತ ಹೆಚ್ಚಾಗಿದ್ದರೆ ಅವರ ಕೂಗಾಟ, ಎದೆ ಬಡಿದುಕೊಳ್ಳುವುದು, ಸರ್ವನಾಶದ ಗೋಳು. ವನೆಸ್ಸಾ ಮಾತಿಲ್ಲದೆ ನಿಂತಿರುತ್ತಿದ್ದರು. ಗಂಡಸರ ಮುಂದೆ ಎಂದೂ ಹೀಗೆ ನಡೆದುಕೊಳ್ಳದವರು ಹೆಣ್ಣುಮಕ್ಕಳ ಮುಂದೆ ನಡೆದುಕೊಂಡರು ಎಂಬುದು ವರ್ಜೀನಿಯಾ ಮರೆಯದ ಸಂಗತಿ. ಇದನ್ನು ಮುಚ್ಚಿಡುವುದು ಸ್ಟೀಫನ್ ಅವರ ನೀತಿಗೇ ವಿರುದ್ಧವಾದೀತು.

ಅದೇ ತಂದೆ ಆ ಮಗಳಿಗೆ ತಮ್ಮ ಇಡೀ ಗ್ರಂಥಾಲಯವನ್ನು, ಯಾವ ಪುಸ್ತಕವನ್ನೂ ಬಚ್ಚಿಡದೆ, ತೆರೆದುಕೊಟ್ಟರು ಎಂಬುದೂ ಅಷ್ಟೇ ನಿಜ. ಇಷ್ಟವಾದದ್ದನ್ನು ಇಷ್ಟವೆಂದೇ ಓದು, ಮೆಚ್ಚದ್ದನ್ನು ಮೆಚ್ಚಿದಂತೆ ನಟಿಸಬೇಡ. ಹೇಳಬೇಕಾದದ್ದನ್ನು ಆದಷ್ಟು ಕಡಿಮೆ ಮಾತುಗಳಲ್ಲಿ, ಸ್ಪಷ್ಟವಾಗಿ ಹೇಳು. ತಂದೆ ಕಲಿಸಿದ್ದು ಇವಿಷ್ಟೇ ಪಾಠಗಳು ಎಂದು ವುಲ್ಫ್ 1932ರಲ್ಲಿ, ಅವರ ಜನ್ಮಶತಮಾನೋತ್ಸವದ ಲೇಖನದಲ್ಲಿ ನೆನೆದರು. 1904ರ ಫೆಬ್ರವರಿಯಲ್ಲಿ ಸ್ಟೀಫನ್ ತೀರಿಕೊಂಡ ಮೇಲೆ, ಕಾನೂನು ಚರಿತ್ರಕಾರ ಮೇಟ್‌ಲೆಂಡ್ ಬರೆದ ಜೀವನಚರಿತ್ರೆಗಾಗಿ ಪತ್ರಗಳನ್ನು ನಕಲು ಮಾಡಿಕೊಟ್ಟವರಲ್ಲಿ ಇಪ್ಪತ್ತೆರಡು ವರ್ಷದ ವರ್ಜೀನಿಯಾ ಇದ್ದರು. ಅದರಲ್ಲಿ ಅವರದೊಂದು ಟಿಪ್ಪಣಿಯೂ ಇದೆ.

ಕೋಶಕ್ಕೂ ಮಿತಿಗಳಿದ್ದವು. ಹೆಣ್ಣುಮಕ್ಕಳು ಅದರಲ್ಲಿ ಬಹಳ ಕಡಿಮೆ. ಇದ್ದವರೂ ಎಲ್ಲಿದ್ದಾರೆಂದು ಹುಡುಕಬೇಕು: ಜಾರ್ಜ್ ಎಲಿಯಟ್ ಎಂಬ ಗಂಡಸಿನ ಹೆಸರಿನಲ್ಲಿ ಬರೆದ ಕಾದಂಬರಿಕಾರ್ತಿಯ ಬಗ್ಗೆ ಸ್ಟೀಫನ್ ತಾವೇ ಬರೆದ ಲೇಖನ, ಆಕೆ ಸಾಯುವ ವರ್ಷ ಮದುವೆಯಾದ ಗಂಡನ ‘ಕ್ರಾಸ್’ ಎಂಬ ಹೆಸರಿನ ಕೆಳಗಿದೆ. ಎರಡನೆಯ ಸಾಲಿನವರನ್ನು ಹುಡುಕಿ ತಂದ ಕಣ್ಣಿಗೆ ಅಡುಗೆಮನೆಯವರೆಗೆ ಹೋಗಬೇಕೆಂದು ಹೊಳೆಯಲಿಲ್ಲ. ಅದು ಮಗಳಿಗೆ ಹೊಳೆಯಿತು. 1933ರ ‘ಫ್ಲಷ್’ ಪುಸ್ತಕದಲ್ಲಿ, ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಅವರ ಸೇವಕಿ ಲಿಲಿ ವಿಲ್ಸನ್ ಬಗ್ಗೆ ಉದ್ದನೆಯ ಟಿಪ್ಪಣಿಯೊಂದನ್ನು ಬರೆದ ವುಲ್ಫ್, ಕತ್ತಲಲ್ಲಿರುವ ಈ ಬದುಕು ಒಬ್ಬ ಚರಿತ್ರಕಾರನಿಗಾಗಿ ಕೂಗುತ್ತಿದೆ ಎಂದರು. ಆ ವಾದ ತಂದೆಯದೇ. ತಂದೆ ನಿಂತ ಸ್ಥಳದಿಂದ ಅದನ್ನು ಮುಂದಕ್ಕೆ ಒಯ್ದವರು ಮಗಳು.

ಬಿಟ್ಟುಹೋದವರಿಗಾಗಿಯೇ 1993ರಲ್ಲಿ ಸಾವಿರಕ್ಕೂ ಹೆಚ್ಚು ಬದುಕುಗಳ ಒಂದು ಪ್ರತ್ಯೇಕ ಸಂಪುಟ ಬಂತು. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಕೋಶಕ್ಕೆ ಬಂದದ್ದು ಆಗಲೇ. ಅವರು ತೀರಿಕೊಂಡದ್ದು 1889ರಲ್ಲಿ, ‘ಎಚ್’ ಅಕ್ಷರದ ಸಂಪುಟಗಳು ಸಿದ್ಧವಾಗುತ್ತಿದ್ದಾಗ. ಕವಿತೆಗಳು ಪುಸ್ತಕವಾದದ್ದು 1918ರಲ್ಲಿ. 2004ರಲ್ಲಿ ಆಕ್ಸ್‌ಫರ್ಡ್ 60 ಸಂಪುಟಗಳ ಹೊಸ ಕೋಶವನ್ನು ತಂದಾಗ, ಹಳೆಯದರಲ್ಲಿದ್ದ ಒಬ್ಬರನ್ನೂ ಕೈಬಿಡುವುದಿಲ್ಲ ಎಂಬ ನಿರ್ಧಾರ ಮಾಡಿತು. ಇವತ್ತಿನ ಕಣ್ಣಿಗೆ ಎಷ್ಟೇ ಅಮುಖ್ಯನಾಗಿ ಕಂಡರೂ, ಸ್ಟೀಫನ್ ಒಳಗೆ ಕರೆದ ಆ ಹಳ್ಳಿಯ ಪಾದ್ರಿ ಒಳಗೇ ಉಳಿದ. ಹಳೆಯ ಲೇಖನಗಳೂ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ನಿಮಗೆ ಆಸಕ್ತಿಯಿದ್ದರೆ ಸ್ವಿಫ್ಟ್ ಅಥವಾ ಜಾನ್ಸನ್ ಬಗ್ಗೆ ಸ್ಟೀಫನ್ ಬರೆದದ್ದನ್ನು ಮೊದಲು ಓದಿ. ಮುಗಿಸಿದ ಮೇಲೆ ಅದೇ ಸಂಪುಟದಲ್ಲಿ ಅಕ್ಕಪಕ್ಕ ಇರುವ, ನೀವು ಎಂದೂ ಹೆಸರು ಕೇಳಿರದ ನಾಲ್ಕು ಜನರ ಲೇಖನಗಳನ್ನೂ ಓದಿ.